ಪಾರ್ಶ್ವವಾಯು: ಮೊದಲು ಸ್ಕ್ಯಾನ್, ಅನಂತರ ಔಷಧಿ



ಬಾಯಿ ಒಂದು ಬದಿಗೆ ವಾಲಿದಾಗ, ಕೈ ಸೋತಾಗ, ಮಾತು ತೊದಲಿದಾಗ ನಮ್ಮ ಅನೇಕ ಮನೆಗಳಲ್ಲಿ ಎಣ್ಣೆ ತಿಕ್ಕಲಾಗುತ್ತದೆ. ಗಂಡಸರು ಅಂಗಡಿ ಮುಚ್ಚಿ ಬರಲಿ ಎಂದು ಕಾಯಲಾಗುತ್ತದೆ. ಈ ಕಾಯುವಿಕೆಯ ಕುರಿತೇ ನನ್ನ ಮಾತು.

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಮೆದುಳಿನ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಬಹುದು ಅಥವಾ ಒಡೆದು ರಕ್ತ ಸೋರಬಹುದು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಎಷ್ಟೇ ಅನುಭವಿ ವೈದ್ಯರಾದರೂ ನಾಡಿ ಹಿಡಿದು ಖಚಿತವಾಗಿ ಹೇಳಲಾರರು. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಬಗೆಯವರಿಗೆ ಜೀವದಾನ, ಎರಡನೆಯವರಿಗೆ ಮಾರಕ. ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ಅಪಾಯಕರವೆನ್ನುವುದೂ ಇದಕ್ಕಾಗಿಯೇ. ಇವೆರಡನ್ನು ಬೇರ್ಪಡಿಸಿ ತೋರಿಸುವುದು ಸಿ.ಟಿ. ಸ್ಕ್ಯಾನ್. ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಸೋರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣಿಸುತ್ತದೆ. ಆದರೆ ಹೆಪ್ಪಿನಿಂದಾದ ಹಾನಿ ಮೊದಲ ಕೆಲವು ಗಂಟೆಗಳಲ್ಲಿ ಕಾಣಿಸದಿರಬಹುದು. ಆದ್ದರಿಂದ 'ಸ್ಕ್ಯಾನ್ ನಾರ್ಮಲ್' ಎಂದೊಡನೆ ರೋಗಿಯನ್ನು ಮನೆಗೆ ಕರೆತರಬೇಡಿ. ರಕ್ತಸ್ರಾವವಿಲ್ಲ ಎಂಬುದಷ್ಟೇ ಅದರ ಅರ್ಥ. ಚಿಕಿತ್ಸೆ ಇನ್ನು ಆರಂಭವಾಗಬೇಕಿದೆ.

ಆ ಚುಚ್ಚುಮದ್ದಿಗೆ ಸಾಮಾನ್ಯವಾಗಿ 4.5 ಗಂಟೆಗಳ ಗಡುವು. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಯ ಮೂಲಕ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಲೇ ಹೆಪ್ಪನ್ನು ಎಳೆದು ತೆಗೆಯುವುದೂ ಇದೆ. ಆಯ್ದ ರೋಗಿಗಳಲ್ಲಿ 24 ಗಂಟೆಗಳವರೆಗೂ. ಅದು ದೊಡ್ಡ ನಗರಗಳ, ದುಬಾರಿ ಮಾತು ಬಿಡಿ.

ನಿಮ್ಮ ಊರಿನಲ್ಲಿ ರಾತ್ರಿಯೂ ಸಿ.ಟಿ. ಯಂತ್ರ ನಡೆಯುವ ಆಸ್ಪತ್ರೆ ಯಾವುದು? ಜಮಾಅತಿನವರು ವಿಚಾರಿಸಿ ಮಸೀದಿಯ ಫಲಕದಲ್ಲಿ ಬರೆಯಲಿ. ರೋಗಿ ಕೊನೆಯದಾಗಿ ಚೆನ್ನಾಗಿದ್ದ ಸಮಯವನ್ನು ನೆನಪಿಡಿ. ವೈದ್ಯರು ಕೇಳುವುದು ಅದನ್ನೇ. ಮನೆಯಲ್ಲಿ ಗಂಡಸರಿಲ್ಲದಿದ್ದರೆ ಸಹೋದರಿಯರೇ 108ಕ್ಕೆ ಕರೆ ಮಾಡಲಿ.