ಮರಿಗೆ ಕೆತ್ತುವ ಹೊಸ ಉಳಿ

ಗ್ರೈಂಡರ್ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ದೋಸೆಯ ಹಿಟ್ಟು. ನಾನು ಇಂದು ಹೇಳಹೊರಟಿರುವುದು ಆ ಗ್ರೈಂಡರಿನ ವಿಷಯವಲ್ಲ. ಆಂಗಲ್ ಗ್ರೈಂಡರ್ ಎಂಬ ಇನ್ನೊಂದು ಯಂತ್ರದ ವಿಷಯ. ಮನೆಗೆ ಟೈಲ್ಸ್ ಹಾಕಿಸಿದವರು, ಕಿಟಕಿಗೆ ಗ್ರಿಲ್ ಮಾಡಿಸಿದವರು ಇದನ್ನು ನೋಡಿದ್ದೀರಿ. ನೋಡದವರೂ ಇದರ ಸದ್ದನ್ನು ಕೇಳಿಯೇ ಇದ್ದೀರಿ. ಕಿಡಿಗಳನ್ನು ಚಿಮ್ಮಿಸುತ್ತ, ಇಡೀ ಬೀದಿಯ ಮಧ್ಯಾಹ್ನದ ನಿದ್ದೆಯನ್ನು ಕೆಡಿಸುತ್ತ ಕಬ್ಬಿಣವನ್ನು ಕೊಯ್ಯುವ ಯಂತ್ರವೇ ಅದು. ಜರ್ಮನಿಯ ಕಾರ್ಖಾನೆಯೊಂದು 1954ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿಯ ಫ್ಲೆಕ್ಸ್ ಎಂಬ ಹೆಸರೇ ಆ ದೇಶದ ಆಡುಮಾತಿನಲ್ಲಿ ಯಂತ್ರದ ಹೆಸರಾಗಿ ನಿಂತುಬಿಟ್ಟಿದೆ.

ಕಲ್ಲಿಗೂ ಕಬ್ಬಿಣಕ್ಕೂ ಹುಟ್ಟಿದ ಈ ಯಂತ್ರ ಈಗ ಮರಗೆಲಸದವರ ಕೈಗೂ ಬಂದಿದೆ. ಮರದ ಬೋಗುಣಿಯೊಂದನ್ನು ನಾನೇ ಕೆತ್ತಬೇಕು ಎಂಬ ಆಸೆ ಹುಟ್ಟಿದವರು ಇಂದು ಉಳಿ ಕೊಡತಿಗಳನ್ನು ಬಿಟ್ಟು ನೇರವಾಗಿ ಇದನ್ನೇ ಕೊಂಡುತರುವುದುಂಟು. ನಿಮ್ಮ ಮನೆಯಲ್ಲಿಯೂ ಅಂಥ ಮಗನೋ, ಸೊಸೆಯೋ, ನಿವೃತ್ತರಾದ ಯಜಮಾನರೋ ಇರಬಹುದು. ಅವರಿಗೆ ಬೇಡವೆನ್ನುವ ಮೊದಲೂ, ಆಗಲಿ ಎನ್ನುವ ಮೊದಲೂ, ಆ ಯಂತ್ರ ಮರದ ಮೇಲೆ ಏನು ಮಾಡುತ್ತದೆ ಎಂಬುದನ್ನು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು.

ಮರವನ್ನು ತೋಡಿ ಪಾತ್ರೆ ಮಾಡುವುದು ನಮಗೆ ಹೊಸ ವಿದ್ಯೆಯೇನಲ್ಲ. ಮರಿಗೆ ಎಂಬ ಮಾತು ಹಿರಿಯರಿಗೆ ಗೊತ್ತು. ಉಪ್ಪಿಗೊಂದು ಮರಿಗೆ, ಹಿಟ್ಟಿಗೊಂದು ಮರಿಗೆ ಎಂದು ಇಟ್ಟುಕೊಂಡಿದ್ದ ಅಡುಗೆಮನೆಗಳು ಇದ್ದವು. ಅಷ್ಟೇಕೆ, ರೇಡಿಯೋದಲ್ಲಿ ನೀವು ಕೇಳುವ ವೀಣೆಯ ಕೊಡವೂ ಹಲಸಿನ ಮರವನ್ನು ಒಳಗಿನಿಂದ ತೋಡಿ ಮಾಡಿದ ಒಂದು ಬಗೆಯ ಬೋಗುಣಿಯೇ ಅಲ್ಲವೆ? ಬಾಚಿಯಿಂದ ಒರಟಾಗಿ ತೆಗೆದು, ಬಾಗಿದ ಉಳಿಯಿಂದ ನಯಗೊಳಿಸುವುದು ಹಳೆಯ ಕ್ರಮ. ಲೇತಿನಲ್ಲಿ ಕಡೆದರೆ ಬೋಗುಣಿ ಗುಂಡಗೇ ಬರುತ್ತದೆ. ಕೆತ್ತಿದ್ದಾದರೆ ಉದ್ದುದ್ದವಾಗಿರಬಹುದು, ಎಲೆಯ ಆಕಾರದ್ದಾಗಬಹುದು, ಮರದ ಗಂಟು ಹೇಳಿದಂತೆ ಡೊಂಕಾಗಲೂಬಹುದು. ಆಂಗಲ್ ಗ್ರೈಂಡರ್ ಈ ಕೆತ್ತುವ ಪಂಗಡಕ್ಕೆ ಸೇರಿದ್ದು. ಬಾಚಿಗೆ ಅರ್ಧ ದಿನ ಹಿಡಿಯುವುದನ್ನು ಅದು ಅರ್ಧ ಗಂಟೆಯಲ್ಲಿ ತೋಡಿ ಬಿಸಾಡುತ್ತದೆ. ಅದರ ಗುಣವೂ ಅದೇ, ಅಪಾಯವೂ ಅದೇ.

ಲೆಕ್ಕವನ್ನು ಸ್ವಲ್ಪ ನೋಡಿ. ಮನೆಬಳಕೆಯ ಸಣ್ಣ ಯಂತ್ರದ ಬಿಲ್ಲೆ 4 ಅಂಗುಲ ಅಡ್ಡಳತೆಯದು. ಅಂಗಡಿಯವರು ಇದನ್ನು ಡಿಸ್ಕ್ ಎನ್ನುತ್ತಾರೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 180ಕ್ಕೂ ಮಿಗಿಲು. ಬಿಲ್ಲೆಯ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ಕೆಲವು ಸೆಕೆಂಡು ಅದು ತಿರುಗುತ್ತಲೇ ಇರುತ್ತದೆ. ನಿಂತಿತೆಂದು ತೊಡೆಯ ಮೇಲೆ ಇಟ್ಟುಕೊಂಡವರ ಗತಿ ನೀವೇ ಊಹಿಸಿ.

ಮರಕ್ಕೆಂದು ಬರುವ ಬಿಲ್ಲೆಗಳು ಮುಖ್ಯವಾಗಿ ಮೂರು ತೆರ. ಎರಡು ಬಿಲ್ಲೆಗಳ ನಡುವೆ ಗರಗಸದ ಸರಪಳಿ ಸುತ್ತಿದ್ದು ಒಂದು. ಗಟ್ಟಿ ಲೋಹದ ಚೂಪಾದ ಕಾಳುಗಳನ್ನು ಮೈಮೇಲೆಲ್ಲ ಬೆಸೆದು ಅರದಂತೆ ಮಾಡಿದ್ದು ಇನ್ನೊಂದು. ಉಪ್ಪುಕಾಗದದ ಎಸಳುಗಳನ್ನು ಒಂದರ ಮೇಲೊಂದು ಜೋಡಿಸಿದ್ದು ಮೂರನೆಯದು. ಆಸ್ಟ್ರೇಲಿಯದ ಆರ್ಬರ್‌ಟೆಕ್ ಮೊದಲಾದ ಕಂಪನಿಗಳು ಇವಲ್ಲದೆ ಬೇರೆ ಬಗೆಯವನ್ನೂ ಮಾಡುತ್ತವೆ. ಸರಪಳಿಯದು ಬಹು ಬೇಗ ಕೊರೆಯುತ್ತದೆ, ಅಷ್ಟೇ ಬೇಗ ಮುನಿಯುತ್ತದೆ. ಮೊದಲ ಮರಿಗೆಗೆ ಅರದ ಬಿಲ್ಲೆ ಸಾಕು ಎಂಬುದು ನನ್ನ ಅಭಿಪ್ರಾಯ, ತಡವಾದರೂ ಚಿಂತೆಯಿಲ್ಲ. ಹಲಗೆ ಕೊಯ್ಯುವ ಹಲ್ಲಿನ ಗರಗಸದ ಬಿಲ್ಲೆಯನ್ನು ಮಾತ್ರ ಈ ಯಂತ್ರಕ್ಕೆ ಎಂದೂ ಸಿಕ್ಕಿಸಕೂಡದು. ಯಾವ ಬಿಲ್ಲೆಯೇ ಆಗಲಿ, ಅದರ ಮೇಲೆ ಅಚ್ಚಾಗಿರುವ ವೇಗದ ಮಿತಿ ಯಂತ್ರದ ವೇಗಕ್ಕಿಂತ ಕಡಮೆಯಿರಬಾರದು.

ಯಂತ್ರ ಮುನಿಯುತ್ತದೆ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಬಿಲ್ಲೆಯ ಅಂಚು ಮರದಲ್ಲಿ ಆಳಕ್ಕೆ ಇಳಿದು ಕಚ್ಚಿಕೊಂಡಿತೆನ್ನಿ. ಒಳಗಿನ ಮೋಟಾರಿಗೆ ಅದು ತಿಳಿಯದು. ತಿರುಗಿಸುವುದೊಂದೇ ಅದರ ಕಸುಬು. ಬಿಲ್ಲೆ ತಿರುಗಲಾರದೆ ನಿಂತಾಗ, ಆ ಬಲವೆಲ್ಲ ಯಂತ್ರವನ್ನೇ ಎತ್ತಿ ಎಸೆಯುತ್ತದೆ. ಯಾವ ದಿಕ್ಕಿಗೆ? ಮರಕ್ಕೆ ತಾಗಿದ ಜಾಗದಲ್ಲಿ ಹಲ್ಲುಗಳು ಯಾವ ಕಡೆ ಓಡುತ್ತಿದ್ದುವೋ ಅದರ ವಿರುದ್ಧ ದಿಕ್ಕಿಗೆ. ಹಲ್ಲು ನಿಮ್ಮಿಂದ ಆಚೆಗೆ ಓಡುತ್ತಿದ್ದರೆ ಯಂತ್ರ ನಿಮ್ಮ ಮೈಮೇಲೆ ಬರುತ್ತದೆ. ಇದು ನಡೆಯುವುದು ರೆಪ್ಪೆ ಮಿಟುಕಿಸುವುದರೊಳಗೆ. ಆ ಹೊತ್ತಿನಲ್ಲಿ ಜಾಣತನ ಉಪಯೋಗಕ್ಕೆ ಬರುವುದಿಲ್ಲ. ಮೊದಲೇ ಮಾಡಿಟ್ಟುಕೊಂಡ ವ್ಯವಸ್ಥೆಯೊಂದೇ ಕಾಯುತ್ತದೆ. ಪಕ್ಕದ ಹಿಡಿಯನ್ನು ಬಿಗಿದು ಎರಡೂ ಕೈಯಲ್ಲಿ ಹಿಡಿಯಿರಿ. ಬಿಲ್ಲೆಗೆ ಒಪ್ಪುವ ಗಾರ್ಡು ಅದರ ಸ್ಥಾನದಲ್ಲಿರಲಿ. ಕೆತ್ತುವಾಗ ಅಡ್ಡಬರುತ್ತದೆಂದು ಗಾರ್ಡನ್ನು ಬಿಚ್ಚಿಡುವವರು ಬಹಳ ಮಂದಿ. ಅಡ್ಡಬರುವುದೇ ಅದರ ಉದ್ಯೋಗ ಎಂಬುದನ್ನು ಅವರು ಮರೆಯುತ್ತಾರೆ. ಮುಖವೂ ಎದೆಯೂ ಬಿಲ್ಲೆಯ ನೇರದಲ್ಲಿರದಂತೆ ಪಕ್ಕಕ್ಕೆ ನಿಲ್ಲಿ. ಅಂಚನ್ನು ನೆಟ್ಟಗೆ ಚುಚ್ಚದೆ, ಓರೆಯಾಗಿ ಸವರಿಕೊಂಡು ಹೋಗಿ. ಒತ್ತಬೇಡಿ, ಯಂತ್ರದ ಭಾರವೇ ಸಾಕು. ಪಂಚೆಯ ಚುಂಗು, ಸೀರೆಯ ಸೆರಗು, ಸಡಿಲವಾದ ತೋಳು, ಬಿಟ್ಟ ಕೂದಲು ಇವು ಯಾವುವೂ ಆ ಬಳಿಗೆ ಸುಳಿಯಕೂಡದು. ಬಿಲ್ಲೆ ಬದಲಾಯಿಸುವಾಗ ಪ್ಲಗ್ಗನ್ನೇ ಕಿತ್ತಿಡಿ. ಮಕ್ಕಳಿರುವ ಮನೆಯಾದರೆ ಕೆಲಸ ಮುಗಿದ ಮೇಲೆ ಯಂತ್ರವನ್ನೂ ಬಿಲ್ಲೆಗಳನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಿ.

ಇನ್ನು ಮರದ ಮಾತು. ಆಗತಾನೆ ಕಡಿದ ಹಸಿ ಮರ ಕೆತ್ತಲು ಸುಲಭ, ಒಣಗುವಾಗ ಮಾತ್ರ ಸೀಳುತ್ತದೆ. ಏಕೆಂದರೆ ಮರ ಎಲ್ಲ ಕಡೆಗೂ ಒಂದೇ ಸಮನೆ ಕುಗ್ಗುವುದಿಲ್ಲ; ಬಳೆಗಳ ಸುತ್ತಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ನಡುವಿನ ತಿರುಳು ಬೋಗುಣಿಯಲ್ಲಿ ಉಳಿದುಬಿಟ್ಟರೆ ಬಿರುಕು ಬಂತೆಂದೇ ತಿಳಿಯಿರಿ. ದಪ್ಪದ ಒಂದೊಂದು ಅಂಗುಲಕ್ಕೂ ಒಂದೊಂದು ವರ್ಷ ನೆರಳಿನಲ್ಲಿ ಒಣಗಲಿ ಎಂಬುದು ಮರಗೆಲಸದವರ ಅಂದಾಜು. ಯಂತ್ರ ಎಷ್ಟೇ ಅವಸರ ಮಾಡಿದರೂ ಈ ಒಂದು ವರ್ಷವನ್ನು ಅದು ಕಡಮೆ ಮಾಡಲಾರದು. ಹಳೆಯ ಮನೆ ಕೆಡವಿದಾಗ ಸಿಗುವ ಹಲಸಿನ ತೊಲೆಯ ತುಂಡು ಇದಕ್ಕೆ ಹೇಳಿಮಾಡಿಸಿದ್ದು. ಅದು ಆಗಲೇ ದಶಕಗಟ್ಟಲೆ ಒಣಗಿದೆ. ಅದರಲ್ಲಿ ಹುದುಗಿರುವ ಮೊಳೆ ಮಾತ್ರ ಬಿಲ್ಲೆಗೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಅಯಸ್ಕಾಂತವನ್ನು ಎಲ್ಲ ಮೈಗೂ ಆಡಿಸಿ ನೋಡಿಯೇ ಮುಂದುವರಿಯಬೇಕು. ಮಾವು, ಬೇವು ಆದೀತು. ನೀಲಗಿರಿ ಬೇಡ, ಸೀಳುವುದರಲ್ಲಿ ಅದು ಬಲು ಗಟ್ಟಿಗ.

12 ಅಂಗುಲ ಉದ್ದ, 8 ಅಂಗುಲ ಅಗಲ, 3 ಅಂಗುಲ ದಪ್ಪದ ತುಂಡು ಸಿಕ್ಕಿತೆನ್ನೋಣ. ಹೊಸಬರು ಮೊದಲು ಹೊರಮೈಯನ್ನು ಚೆಂದವಾಗಿ ಗುಂಡಗೆ ಮಾಡಿಬಿಡುತ್ತಾರೆ. ಆಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಹೇಗೆ? ಕಾಲಿನ ನಡುವೆ ಇಟ್ಟುಕೊಳ್ಳುತ್ತಾರೆ, ಅನಾಹುತಕ್ಕೆ ಅದೇ ದಾರಿ. ಆದ್ದರಿಂದ ತುಂಡು ಚೌಕವಾಗಿರುವಾಗಲೇ ಮೂಲೆಗಳನ್ನು ಭಾರವಾದ ಮೇಜಿಗೆ ಕ್ಲಾಂಪಿನಿಂದ ಬಿಗಿದು, ಒಳಭಾಗವನ್ನು ಮೊದಲು ತೋಡಬೇಕು. ತೋಡುವ ಮುನ್ನ ನಟ್ಟನಡುವೆ ಬೈರಿಗೆಯಿಂದ ಎರಡೂ ಕಾಲು ಅಂಗುಲ ಆಳದ ಒಂದು ತೂತು ಕೊರೆಯಿರಿ. ಅದೇ ನಿಮ್ಮ ಅಳತೆಗೋಲು. ಕೆತ್ತುತ್ತ ಹೋದಂತೆ ತೂತು ಗಿಡ್ಡವಾಗುತ್ತ ಬರುತ್ತದೆ. ಅದು ಇನ್ನೇನು ಮಾಯವಾಗುತ್ತದೆ ಎನ್ನುವಾಗ ಯಂತ್ರವನ್ನು ಕೆಳಗಿಡಿ. ತಳಕ್ಕೆ ಮುಕ್ಕಾಲು ಅಂಗುಲ ಉಳಿದಿರುತ್ತದೆ. ಉಳಿಯ ಕೆಲಸದಲ್ಲಿ ಕೈ ಮುಂದೆ ಹೋಗುವ ಮೊದಲು ಮನಸ್ಸಿಗೆ ಒಂದು ಗಳಿಗೆ ಸಿಗುತ್ತಿತ್ತು. ಇಲ್ಲಿ ಸಿಗುವುದಿಲ್ಲ. ತಳ ತೂತಾದ ಮರಿಗೆಯನ್ನು ಹೂಕುಂಡ ಮಾಡಬಹುದು, ಅಷ್ಟೇ.

ಇನ್ನೊಂದು ಸೂಕ್ಷ್ಮವುಂಟು. ಬಿಲ್ಲೆಯ ಅರೆಯಳತೆ 2 ಅಂಗುಲ. ಅದಕ್ಕಿಂತ ಕಿರಿದಾದ ತಿರುವನ್ನು ಅದರ ಅಂಚು ಕೆತ್ತಲಾರದು. ಆಳವಾಗಿ ಹೋದರೆ ಯಂತ್ರದ ತಲೆಯೇ ಬೋಗುಣಿಯ ಕಂಠಕ್ಕೆ ಬಡಿಯುತ್ತದೆ. ಆದ್ದರಿಂದ ಸಾರಿನ ಪಾತ್ರೆಯಂಥ ಆಳದ ಆಕಾರಕ್ಕೆ ಆಸೆಪಡದೆ, ಹಣ್ಣಿನ ತಟ್ಟೆಯಂತೆ ಅಗಲವಾದ, ಬದಿ ನಿಧಾನವಾಗಿ ಏರುವ ಆಕಾರವನ್ನು ಗೀಚಿಕೊಳ್ಳಿ. ಒಳಗು ಮುಗಿದ ಮೇಲೆ ಮೂಲೆಗಳನ್ನು ಕೈಗರಗಸದಿಂದ ತೆಗೆದು, ಬೋಗುಣಿಯನ್ನು ಕವುಚಿ, ತಳದ ಮೇಲೆ ಅಡ್ಡಪಟ್ಟಿಯಿಟ್ಟು ಬಿಗಿದು, ಹೊರಮೈಯನ್ನು ಭಾಗ ಭಾಗವಾಗಿ ಇಳಿಸಿದರಾಯಿತು. ಬದಿಗೆ ಅರ್ಧ ಅಂಗುಲ ದಪ್ಪ ಉಳಿಯಲಿ. ಎಸಳಿನ ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಮರ ಸುಟ್ಟು ಕಪ್ಪಾಗುತ್ತದೆ, ಆಡಿಸುತ್ತಲೇ ಇರಬೇಕು. ಕೊನೆಯ ನಯ ಮಾತ್ರ ಕೈಯದೇ: 80, 120, 180, 240 ನಂಬರಿನ ಉಪ್ಪುಕಾಗದಗಳು ಒಂದಾದ ಮೇಲೊಂದು.

ಧೂಳನ್ನು ಹಗುರವಾಗಿ ಎಣಿಸಬೇಡಿ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಪ್ರಕಟಿಸಿದೆ. ಮೂಗಿನ ಒಳಭಾಗಕ್ಕೆ ಅದರ ಹಾವಳಿ ಹೆಚ್ಚು. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್-95 ಮುಖವಾಡ ಬೇಕು. ಕಣ್ಣಿಗೆ ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಪಾರದರ್ಶಕ ಹಾಳೆ. ಸದ್ದು ನೂರು ಡೆಸಿಬೆಲ್ಲಿನ ಹತ್ತಿರಕ್ಕೆ ಹೋಗುತ್ತದೆ. ಅಷ್ಟು ಸದ್ದನ್ನು ಬರಿಗಿವಿ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ತಾಳಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಎಣಿಕೆ. ಕಿವಿಮುಚ್ಚಿಗೆ ನಿಮಗಿರಲಿ, ನೆರೆಮನೆಯವರಿಗೆ ಅದೂ ಇಲ್ಲವಾದ್ದರಿಂದ, ಕೆಲಸಕ್ಕೆ ಹೊತ್ತನ್ನು ಅವರನ್ನು ಕೇಳಿಯೇ ಗೊತ್ತುಮಾಡಿಕೊಳ್ಳುವುದು ಮರ್ಯಾದೆ.

ಮೈಗೆ ಎಣ್ಣೆ ಹಚ್ಚುವುದು ಉಳಿಯಿತು. ಕೊಬ್ಬರಿ ಎಣ್ಣೆ ಒಣಗಿ ಗಟ್ಟಿಯಾಗುವುದಿಲ್ಲ. ಅಗಸೆ ಎಣ್ಣೆ ಗಾಳಿ ತಾಗಿ ತಾನೇ ಗಟ್ಟಿಯಾಗಿ ಮರವನ್ನು ಕಾಪಾಡುತ್ತದೆ. ಬಣ್ಣದಂಗಡಿಯ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುವುದುಂಟು. ತಿನ್ನುವ ಪದಾರ್ಥ ಇಡುವ ಮರಿಗೆಗೆ ಅಡುಗೆಯ ಅಗಸೆ ಎಣ್ಣೆಯನ್ನೇ ತನ್ನಿ. ತೆಳುವಾಗಿ ಹಚ್ಚಿ, ಒರೆಸಿ, ಕೆಲವು ವಾರ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆಮಾಡಿ ಮೂಲೆಗೆ ಎಸೆಯಕೂಡದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಯೊಳಗೆ ಆ ಬಿಸಿ ಸೇರಿ ಕೆಲವೇ ಗಂಟೆಗಳಲ್ಲಿ ತಾನಾಗಿ ಉರಿ ಹತ್ತಬಹುದು. ಸುತ್ತಲೂ ಮರದ ಪುಡಿ ಬಿದ್ದಿರುವ ಕೋಣೆ ಬೇರೆ! ಹೊರಗೆ ಬಯಲಿನಲ್ಲಿ ಅಗಲವಾಗಿ ಹರವಿ ಒಣಗಿಸಿ, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಮರಿಗೆಯನ್ನು ನೀರಿನಲ್ಲಿ ನೆನೆಹಾಕದೆ, ತೊಳೆದೊಡನೆ ಒರೆಸಿ ನೆರಳಿನಲ್ಲಿ ಇಡಿ. ಹೊಸದಾಗಿ ಕೆತ್ತಿದ ಹಲಸು ಅರಿಸಿನದಂತೆ ಹಳದಿಯಾಗಿರುತ್ತದೆ. ಬೆಳಕು ತಾಗುತ್ತ ತಾಗುತ್ತ ಕೆಲವು ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ.