ಒಂದೇ ಕಲಮಿನ ಇಬ್ಬರು ನೆರೆಯವರು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕೊರಗ ಮಗುವಿನ ಹೆಸರಿನ ಮುಂದೆಯೂ ಮರಾಟಿ ಮಗುವಿನ ಹೆಸರಿನ ಮುಂದೆಯೂ ನಾವು ಒಂದೇ ಮಾತನ್ನು ಬರೆಯುತ್ತೇವೆ: ಪರಿಶಿಷ್ಟ ವರ್ಗ. ಸರಕಾರಕ್ಕೆ ಅಷ್ಟು ಸಾಕು. ಮಂಗಲ್ಪಾಡಿಯಲ್ಲಿ ಬಾಳುವ ನಮಗೆ ಸಾಲದು.

ಮರಾಟಿಗರ ಪೂರ್ವಜರು ಉತ್ತರದಿಂದ ಇಳಿದು ಬಂದವರು. ಅವರ ಮನೆಮಾತು ಮರಾಠಿಯ ಬಳಗಕ್ಕೆ ಸೇರಿದ್ದು. ಗೋಂದೋಳು ಪೂಜೆಯಲ್ಲಿ ಇಂದಿಗೂ ದೇವಿಯನ್ನು ಕರೆಯುತ್ತಾರೆ. ಕಾಡು ಕಡಿದು, ಸುಟ್ಟು, ಬಿತ್ತುವ ಕುಮೇರಿ ಬೇಸಾಯ ಅವರದು. ಮದರಾಸು ಸರಕಾರ 1860ರ ಸುಮಾರಿಗೆ ಕುಮೇರಿಗೆ ನಿರ್ಬಂಧ ಹಾಕಿದ ಮೇಲೆ ಅನೇಕರು ಗೇಣಿಗೂ ಕೂಲಿಗೂ ಇಳಿದರು.

ಕೊರಗರ ಬಾಳು ಬೇರೆ. ಬಿದಿರು, ಬೆತ್ತ, ಕಾಡುಬಳ್ಳಿಗಳಿಂದ ಕುರುವೆ, ತಡ್ಪೆ ಹೆಣೆಯುವುದು ಅವರ ಕಸುಬು. ಡೋಲು, ಕೊಳಲು ಅವರ ವಾದ್ಯ. ಅವರದು ದ್ರಾವಿಡ ನುಡಿ; ಡಿ. ಎನ್. ಶಂಕರ ಭಟ್ಟರು ಅದನ್ನು ಅಧ್ಯಯನ ಮಾಡಿ 1971ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಭೂಮಿಯ ಹಕ್ಕು ಮಾತ್ರ ಅವರ ಬಳಿಗೆ ಬರಲಿಲ್ಲ. 1970ರಲ್ಲಿ ಜಾರಿಗೆ ಬಂದ ಕೇರಳದ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಚೀಟೇ ಇಲ್ಲದವನು ಏನನ್ನು ತೋರಿಸಿಯಾನು? ಗೇಣಿ ಹಿಡಿದಿದ್ದ ಮರಾಟಿ ಮನೆಗೆ ಅಡಿಕೆ ತೋಟ ಉಳಿದದ್ದೂ ಕೊರಗ ಮನೆಗೆ ಅಂಗಳವಷ್ಟೇ ದಕ್ಕಿದ್ದೂ ಅಲ್ಲಿಂದಲೇ.

ಇಬ್ಬರ ಸಂಬಂಧವೋ? ಊರಿನ ಉಳಿದ ಬೇಸಾಯಗಾರರಂತೆ ಮರಾಟಿಗರೂ ಕೊರಗರು ಹೆಣೆದ ಬುಟ್ಟಿಯಲ್ಲೇ ಭತ್ತ ಹೊತ್ತರು. ಇಬ್ಬರೂ ಪೇಟೆಯಲ್ಲಿ ತುಳು ಮಾತಾಡಿದರು. ಆದರೆ ಬುಟ್ಟಿ ಒಳಗೆ ಹೋಯಿತು, ಹೆಣೆದವನು ಅಂಗಳದಾಚೆ ನಿಂತನು. ಈ ಮಾತು ಮರಾಟಿಗರಿಗೆ ಮಾತ್ರ ಅಂಟುವುದಲ್ಲ, ನಮಗೆಲ್ಲರಿಗೂ ಸಲ್ಲಬೇಕು. ಕಳೆದುಹೋದ ವಸ್ತು ಸಿಗಲೆಂದು ಕೊರಗಜ್ಜನಿಗೆ ಹರಕೆ ಹೇಳುವ ನಾವೇ ಕೊರಗರನ್ನು ದೂರ ಇಟ್ಟವರು! ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವ ಅಜಲು ಪದ್ಧತಿಯನ್ನು ತಡೆಯಲು ನೆರೆಯ ಕರ್ನಾಟಕಕ್ಕೆ 2000ದಲ್ಲಿ ಕಾಯಿದೆಯೇ ಬೇಕಾಯಿತು.

ಪಟ್ಟಿಯ ಕಥೆಯಲ್ಲೂ ವ್ಯತ್ಯಾಸವಿದೆ. 2002ರ ಕಾಯಿದೆ ಕೇರಳದ ಪಟ್ಟಿಯಿಂದ ಮರಾಟಿಗರನ್ನು ಕೈಬಿಟ್ಟಿತು. ಅವರು ಸಂಘಟಿತರಾಗಿ ಹೋರಾಡಿ ಮರಳಿ ಸೇರಿದರು. ಕೊರಗರ ಹೆಸರು ಪಟ್ಟಿಯಿಂದ ಅಳಿಯಲಿಲ್ಲ, ಆದರೂ ಅವರ ಬೆಂಚು ಮೇಲಿನ ತರಗತಿಗಳಲ್ಲಿ ಬರಿದಾಗುತ್ತ ಹೋಗುತ್ತದೆ.

ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ ಕ್ರೀ ಜನರೂ ಇನ್ಯುಯಿಟ್ ಜನರೂ ಅಕ್ಕಪಕ್ಕದಲ್ಲೇ ವಾಸಿಸುವ ಊರೊಂದಿದೆ. ಒಬ್ಬರು ಕಾಡಿನವರು, ಇನ್ನೊಬ್ಬರು ಹಿಮದ ಕಡಲಿನವರು, ನುಡಿಗಳಿಗೆ ನಂಟಿಲ್ಲ. ಆದರೆ 1840ರ ಸುಮಾರಿಗೆ ಕ್ರೀ ನುಡಿಗಾಗಿ ರೂಪುಗೊಂಡ ಲಿಪಿ ಮುಂದೆ ಇನ್ಯುಯಿಟರ ನುಡಿಗೂ ಒದಗಿತು. ಒಂದೇ ಅಕ್ಷರಮಾಲೆ, ಎರಡು ಮನೆಮಾತು. ನಮ್ಮ ಮಕ್ಕಳ ಕೈಯಲ್ಲೂ ಕನ್ನಡ ಅಕ್ಷರಮಾಲೆಯಿದೆ. ಅದರಲ್ಲಿ ಕನ್ನಡವನ್ನು ಮಾತ್ರ ಬರೆಯಬೇಕೆಂದು ನಾವು ಯಾಕೆ ಹಟ ಹಿಡಿದೆವೋ ತಿಳಿಯದು.

ಆದುದರಿಂದ ಒಂದು ವಿನಂತಿ. ಈ ವರ್ಷ ಶಾಲೆಯಲ್ಲಿ ಎರಡು ನೋಟುಪುಸ್ತಕಗಳನ್ನು ಇಡೋಣ. ಒಂದರಲ್ಲಿ ಕೊರಗ ಮಕ್ಕಳು ಅಜ್ಜಿಯನ್ನು ಕೇಳಿ ಬುಟ್ಟಿ, ಬಳ್ಳಿ, ಹೆಣಿಗೆಗಳ ಹೆಸರು ಬರೆಯಲಿ. ಇನ್ನೊಂದರಲ್ಲಿ ಮರಾಟಿ ಮಕ್ಕಳು ಬಿತ್ತನೆ, ಧಾನ್ಯ, ಹಬ್ಬಗಳ ಹೆಸರು ಬರೆಯಲಿ. ಆಮೇಲೆ ಪುಸ್ತಕಗಳನ್ನು ಅದಲುಬದಲು ಮಾಡಿ ಓದಿಸೋಣ. ಮೊದಲ ಪುಟಕ್ಕೆ ಬೇಕಾದ ಮಾತುಗಳನ್ನು ಹೇಳಬಲ್ಲ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತವರು ದಯವಿಟ್ಟು ಮುಂದೆ ಬರಬೇಕು.