ನೀರಿಗೆ ಫ್ಲೋರೈಡು: ಬೆರೆಸುವುದೋ, ಬಿಡಿಸುವುದೋ?

(ವಾಚನಾಲಯದಲ್ಲಿ ಮಾಡಿದ ಭಾಷಣದ ಸಾರ)



ಮಕ್ಕಳ ಹಲ್ಲು ಹುಳುಕಾಗದಿರಲೆಂದು ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ 1945ರಿಂದ ಕುಡಿಯುವ ನೀರಿಗೆ ಫ್ಲೋರೈಡು ಬೆರೆಸತೊಡಗಿದರು. ಹುಳುಕು ಕಡಿಮೆಯಾಯಿತೆಂಬುದು ಒಂದು ಪಕ್ಷ. ಜನರನ್ನು ಕೇಳದೆ ನೀರಿಗೆ ಮದ್ದು ಹಾಕಬಾರದೆಂಬುದು ಇನ್ನೊಂದು. ವಾದವಿನ್ನೂ ಮುಗಿದಿಲ್ಲ; 2025ರಲ್ಲಿ ಯೂಟಾ ರಾಜ್ಯವು ಬೆರೆಸುವುದನ್ನೇ ನಿಷೇಧಿಸಿತು.

ನಮ್ಮ ಕಷ್ಟವೇ ಬೇರೆ. ಕಲ್ಯಾಣ, ಡೊಂಬಿವಲಿಗೆ ಬರುವುದು ಉಲ್ಹಾಸ ನದಿಯ ನೀರು. ನವಿ ಮುಂಬಯಿಗೆ ಮೋರ್ಬೆ ಅಣೆಕಟ್ಟಿನದು. ಇಂಥ ಮಳೆಯ ನೀರಿನಲ್ಲಿ ಫ್ಲೋರೈಡು ಸಾಮಾನ್ಯವಾಗಿ ಅತ್ಯಲ್ಪ. ಆದರೆ ಮುಂಡರಗಿ, ಪಾವಗಡ, ಬಾಗೇಪಲ್ಲಿಗಳ ಕಡೆ ಅನೇಕ ಕೊಳವೆಬಾವಿಗಳಲ್ಲಿ ಭೂಮಿಯೊಳಗಿನ ಬಂಡೆಯೇ ಅದನ್ನು ಬೆರೆಸಿಕೊಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನೇ ಕುಡಿಯುತ್ತ ಬೆಳೆದ ಮಕ್ಕಳ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಬಹಳ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮದ್ದಿಲ್ಲ.

ನಮ್ಮಲ್ಲಿ ಅನೇಕರು ಮಕ್ಕಳನ್ನು ಊರಿನಲ್ಲಿ ಅಜ್ಜ-ಅಜ್ಜಿಯರ ಬಳಿ ಬಿಟ್ಟು ಬಂದವರು. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಹಲ್ಲು ಒಳಗೇ ರೂಪುಗೊಳ್ಳುವ ಕಾಲ; ಕಲೆ ಬೀಳುವುದೂ ಆಗಲೇ. ರಜೆಗೆ ಹೋದಾಗ ನೀರನ್ನು ಪರೀಕ್ಷೆ ಮಾಡಿಸಿರಿ. ಫ್ಲೋರೈಡು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಕುದಿಸಿದರೂ ಹೋಗದು, ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ಹೆಚ್ಚಿದೆಯೆಂದು ತಿಳಿದರೆ ಕುಡಿಯಲಿಕ್ಕೂ ಅಡಿಗೆಗೂ ಮಳೆನೀರು ಹಿಡಿದಿಡಿರಿ. ಇಲ್ಲವೇ ಊರಿನ ಶುದ್ಧ ನೀರಿನ ಘಟಕದಿಂದ ತರಿಸಿರಿ. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಗೆ ಅರ್ಜಿ ಹೋಗಲಿ. ಬರೆದುಕೊಡಬಲ್ಲ ಗುಮಾಸ್ತರು ಈ ಸಭೆಯಲ್ಲೇ ಇದ್ದೀರಿ. ಬರೆಯಬಾರದ ಸೋದರರಿಗೆ ನೆರವಾಗಿರಿ.

ಊರಿಗೆ ಹಣ ಕಳುಹಿಸುವಾಗ, ಮಕ್ಕಳು ಕುಡಿಯುವ ನೀರು ಯಾವ ಬಾವಿಯದೆಂದು ಒಂದು ಮಾತು ಕೇಳಿರಿ. ಇಷ್ಟೇ ನನ್ನ ಬಿನ್ನಹ.